ರ್ಯಾಲಿಯಲ್ಲಿ ಸ್ಟಾಪ್‌ವಾಚ್: ಸರಾಸರಿ ವೇಗ ಕಾಯುವ ಪಾಠ

ಕೊಯ್ಲು ಮುಗಿಯುತ್ತ ಬಂದು, ಕಣದಲ್ಲಿ ಒಣಗಿದ ಕಾಫಿ ಚೀಲ ಸೇರಿ, ಹೂಮಳೆಗೆ ಮುಗಿಲು ನೋಡುವ ದಿನಗಳಲ್ಲಿ ನಮ್ಮ ಕಡೆಯ ದಾರಿಗಳ ಮೇಲೆ ನಂಬರು ಅಂಟಿಸಿದ ಕಾರು, ಜೀಪುಗಳು ಒಂದರ ಹಿಂದೊಂದು ಹೋಗುವುದನ್ನು ಸದಸ್ಯ ಬಂಧುಗಳು ನೋಡಿರುತ್ತೀರಿ. ಅವುಗಳಲ್ಲಿ ನಮ್ಮವರ ಮಕ್ಕಳೇ ಕುಳಿತಿರುವುದೂ ಉಂಟು. ಪೆಟ್ರೋಲು ಸುಟ್ಟು ಸುಮ್ಮನೆ ಸುತ್ತುತ್ತಾರೆಂದು ಹಿರಿಯರು ಗೊಣಗುವುದೂ ಉಂಟು. ಆದರೆ ಈ ಆಟದ ಒಂದು ಬಗೆಯಲ್ಲಿ ಗೆಲ್ಲಿಸುವುದು ವೇಗವಲ್ಲ, ಲೆಕ್ಕ. ಆ ಲೆಕ್ಕ ಸರಿಯಾಗಿ ಬರದವನು ತಾನೂ ಸೋಲುತ್ತಾನೆ, ದಾರಿಯಲ್ಲಿ ನಡೆಯುವವರಿಗೂ ಅಪಾಯ ತರುತ್ತಾನೆ. ಆದ್ದರಿಂದ ರ್ಯಾಲಿಗೆ ಹೆಸರು ಕೊಡುವ ತರುಣರಿಗೂ, ತಮ್ಮ ತೋಟದ ದಾರಿಯನ್ನು ಬಿಟ್ಟುಕೊಡುವ ಹಿರಿಯರಿಗೂ ಉಪಯೋಗವಾಗಲೆಂದು ಈ ಪಾಠ.

ಎರಡು ಬಗೆಯ ರ್ಯಾಲಿ

ಮೊದಲು ಒಂದು ವ್ಯತ್ಯಾಸ ತಿಳಿಯಬೇಕು. ಒಂದು ಬಗೆಯ ರ್ಯಾಲಿಯಲ್ಲಿ ದಾರಿಯನ್ನು ಪೂರ್ತಿ ಮುಚ್ಚಿ, ಹೆಲ್ಮೆಟ್ ಹಾಕಿ, ಕಡಿಮೆ ಸಮಯದಲ್ಲಿ ಮುಗಿಸಿದವರಿಗೆ ಬಹುಮಾನ ಕೊಡುತ್ತಾರೆ. 2010ರ ದಶಕದಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ಒಳದಾರಿಗಳಲ್ಲಿ ನಡೆದ ರಾಷ್ಟ್ರೀಯ ರ್ಯಾಲಿ ಚಾಂಪಿಯನ್‌ಷಿಪ್ ಸುತ್ತುಗಳು ಈ ಬಗೆಯವು. ಇನ್ನೊಂದು ಬಗೆ ತೆರೆದ ರಸ್ತೆಯಲ್ಲಿ ನಡೆಯುವುದು. ಅಲ್ಲಿ ಬಸ್ಸೂ ಬರುತ್ತದೆ, ದನವೂ ಬರುತ್ತದೆ. ಇದನ್ನು ಟಿ.ಎಸ್.ಡಿ. ರ್ಯಾಲಿ ಎನ್ನುತ್ತಾರೆ, ಸಮಯ, ವೇಗ, ದೂರ ಎಂಬ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳು. ಇಲ್ಲಿ ವ್ಯವಸ್ಥಾಪಕರು ರೋಡ್‌ಬುಕ್ ಎಂಬ ದಾರಿಪುಸ್ತಕ ಕೊಡುತ್ತಾರೆ. ಯಾವ ತಿರುವು ಎಷ್ಟನೆಯ ಕಿಲೋಮೀಟರಿನಲ್ಲಿದೆ, ಎಲ್ಲಿಂದ ಎಲ್ಲಿಯವರೆಗೆ ಎಷ್ಟು ಸರಾಸರಿ ವೇಗ ಎಂಬುದು ಅದರಲ್ಲಿರುತ್ತದೆ. ದಾರಿಯ ನಡುವೆ ಎಲ್ಲೋ ಮರದ ಮರೆಯಲ್ಲಿ ಸಮಯ ಬರೆದುಕೊಳ್ಳುವವರು ಕುಳಿತಿರುತ್ತಾರೆ. ಇದಕ್ಕೆ ಕಂಟ್ರೋಲ್ ಎಂದು ಹೆಸರು. ಅದು ಎಲ್ಲಿದೆ ಎಂದು ಯಾರಿಗೂ ಮೊದಲೇ ಹೇಳುವುದಿಲ್ಲ. ಅಲ್ಲಿಗೆ ನಿಗದಿಯಾದ ಸೆಕೆಂಡಿಗೇ ಬರಬೇಕು. ತಡವಾದರೂ ದಂಡ, ಬೇಗ ಬಂದರೂ ದಂಡ. ಹಲವು ರ್ಯಾಲಿಗಳಲ್ಲಿ ಬೇಗ ಬಂದವರಿಗೇ ಹೆಚ್ಚು ದಂಡ.

ಈ ಸರಾಸರಿಗಳು ದೊಡ್ಡವೇನಲ್ಲ. ಇಂಗ್ಲೆಂಡಿನಲ್ಲಿ ತೆರೆದ ರಸ್ತೆಯ ರ್ಯಾಲಿಗೆ ಗಂಟೆಗೆ 30 ಮೈಲಿ, ಅಂದರೆ ಸುಮಾರು 48 ಕಿಲೋಮೀಟರ್ ಸರಾಸರಿಯೇ ಗರಿಷ್ಠ ಮಿತಿ. ನಮ್ಮ ದೇಶದಲ್ಲಿ ಅಂಧರು ನ್ಯಾವಿಗೇಟರಾಗಿ ಕುಳಿತು, ಬ್ರೈಲ್ ಲಿಪಿಯ ದಾರಿಪುಸ್ತಕವನ್ನು ಬೆರಳಿನಿಂದ ಓದಿ, ಚಾಲಕರಿಗೆ ದಾರಿ ಹೇಳುವ ರ್ಯಾಲಿಗಳೂ ನಡೆಯುತ್ತವೆ. ಈ ಆಟದಲ್ಲಿ ಚಾಲಕನ ಕಾಲಿಗಿಂತ ಪಕ್ಕದಲ್ಲಿ ಕುಳಿತವರ ತಲೆಗೆ ಹೆಚ್ಚು ಕೆಲಸವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವೇಗವನ್ನು ಸೆಕೆಂಡಿಗೆ ತಿರುಗಿಸುವುದು

"ಸರಾಸರಿ 36" ಎಂದು ಪುಸ್ತಕದಲ್ಲಿದ್ದರೆ ಸ್ಪೀಡೋಮೀಟರಿನ ಮುಳ್ಳನ್ನು 36ರ ಮೇಲೆ ನಿಲ್ಲಿಸಿಕೊಂಡು ಹೋಗುವುದು ಹೊಸಬರ ತಪ್ಪು. ಘಾಟಿಯ ತಿರುವಿನಲ್ಲಿ 20 ಆಗುತ್ತದೆ, ಬಯಲಿನಲ್ಲಿ 45 ಆಗುತ್ತದೆ. ಮುಳ್ಳು ಆ ಗಳಿಗೆಯ ವೇಗವನ್ನು ಮಾತ್ರ ತೋರಿಸುತ್ತದೆ. ಹೊರಟಾಗಿನಿಂದ ಒಟ್ಟು ಸರಾಸರಿ ಎಷ್ಟಾಯಿತೆಂದು ಹೇಳುವುದಿಲ್ಲ. ಆದ್ದರಿಂದ ವೇಗವೆಂಬ ಮಾತನ್ನೇ ಮರೆತು, ಒಂದು ಕಿಲೋಮೀಟರಿಗೆ ಎಷ್ಟು ಸೆಕೆಂಡು ಎಂದು ಲೆಕ್ಕ ಹಾಕಬೇಕು. ಒಂದು ಗಂಟೆಗೆ 3600 ಸೆಕೆಂಡು. ಅದನ್ನು ವೇಗದಿಂದ ಭಾಗಿಸಿದರೆ ಮುಗಿಯಿತು.

ಗಂಟೆಗೆ 24 ಕಿ.ಮೀ. – ಕಿಲೋಮೀಟರಿಗೆ 150 ಸೆಕೆಂಡು
ಗಂಟೆಗೆ 30 ಕಿ.ಮೀ. – 120 ಸೆಕೆಂಡು
ಗಂಟೆಗೆ 32 ಕಿ.ಮೀ. – 112.5 ಸೆಕೆಂಡು
ಗಂಟೆಗೆ 36 ಕಿ.ಮೀ. – 100 ಸೆಕೆಂಡು
ಗಂಟೆಗೆ 40 ಕಿ.ಮೀ. – 90 ಸೆಕೆಂಡು
ಗಂಟೆಗೆ 45 ಕಿ.ಮೀ. – 80 ಸೆಕೆಂಡು
ಗಂಟೆಗೆ 48 ಕಿ.ಮೀ. – 75 ಸೆಕೆಂಡು

ಈ ಪಟ್ಟಿಯನ್ನು ದಪ್ಪ ರಟ್ಟಿನ ಮೇಲೆ ಬರೆದು ಡ್ಯಾಷ್‌ಬೋರ್ಡಿಗೆ ಕಟ್ಟಿಕೊಳ್ಳಿ. 100 ಮೀಟರಿಗೆ ಬೇಕಾದರೆ ಹತ್ತರಿಂದ ಭಾಗಿಸಿ: ಸರಾಸರಿ 36ಕ್ಕೆ 10 ಸೆಕೆಂಡು, 24ಕ್ಕೆ 15 ಸೆಕೆಂಡು.

ಈಗ ಒಂದು ಉದಾಹರಣೆ. ನಿಮ್ಮ ಕಾರು ಬೆಳಿಗ್ಗೆ 8 ಗಂಟೆ 7 ನಿಮಿಷಕ್ಕೆ ಸರಿಯಾಗಿ ಹೊರಟಿತು ಎನ್ನೋಣ. ಮೊದಲ 12.4 ಕಿ.ಮೀ. ಸರಾಸರಿ 36. ಮುಂದೆ ಘಾಟಿ, 18.0 ಕಿ.ಮೀ.ವರೆಗೆ ಸರಾಸರಿ 24. ಆಮೇಲೆ 27.0 ಕಿ.ಮೀ.ವರೆಗೆ ಸರಾಸರಿ 40.

ಮೊದಲ ಭಾಗ: 12.4 × 100 = 1240 ಸೆಕೆಂಡು, ಅಂದರೆ 20 ನಿಮಿಷ 40 ಸೆಕೆಂಡು. ಗಡಿಯಾರ 8-27-40 ತೋರಿಸಬೇಕು.
ಎರಡನೆಯ ಭಾಗ: 5.6 × 150 = 840 ಸೆಕೆಂಡು, ಅಂದರೆ 14 ನಿಮಿಷ. ಗಡಿಯಾರ 8-41-40.
ಮೂರನೆಯ ಭಾಗ: 9 × 90 = 810 ಸೆಕೆಂಡು, ಅಂದರೆ 13 ನಿಮಿಷ 30 ಸೆಕೆಂಡು. ಗಡಿಯಾರ 8-55-10.

ಪ್ರತಿ ಭಾಗದ ಸಮಯವನ್ನೂ ಹಿಂದಿನದಕ್ಕೆ ಕೂಡಿಸುತ್ತಲೇ ಹೋಗಿದ್ದೇವೆ ಎಂಬುದನ್ನು ಗಮನಿಸಿ. ಯಾವ ಭಾಗವನ್ನೂ ಸೊನ್ನೆಯಿಂದ ಶುರು ಮಾಡಿಲ್ಲ. ಹೀಗೆ ಮಾಡುವುದರಿಂದ ಮೊದಲ ಭಾಗದಲ್ಲಿ ಆದ 5 ಸೆಕೆಂಡು ತಡ ಎರಡನೆಯ ಭಾಗದಲ್ಲಿ ಮರೆತು ಹೋಗುವುದಿಲ್ಲ. ಗಡಿಯಾರವೇ ಅದನ್ನು ನೆನಪಿಟ್ಟುಕೊಂಡಿರುತ್ತದೆ.

ಕೈಯಲ್ಲಿ ಹಿಡಿಯುವ ಲೆಕ್ಕದ ಯಂತ್ರ

ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರು ಬರುವ ಮೊದಲು ಈ ಕೂಡುವ ಕೆಲಸವನ್ನು ಓಡುವ ಕಾರಿನೊಳಗೆ ಹೇಗೆ ಮಾಡುತ್ತಿದ್ದರು? ಅದಕ್ಕೆ ಹೆಸರಾದದ್ದು ಕುರ್ಟಾ ಎಂಬ ಯಂತ್ರ. ಮುಷ್ಟಿಯಲ್ಲಿ ಹಿಡಿಸುವ ದುಂಡನೆಯ ಕಪ್ಪು ಡಬ್ಬಿ. ಕೈಯಲ್ಲಿ ತಿರುಗಿಸುವ ಕಾಫಿ ಬೀಸುವ ಯಂತ್ರಕ್ಕಿರುವ ಹಾಗೆ ಮೇಲೊಂದು ಹಿಡಿ. ಇದನ್ನು ರೂಪಿಸಿದವನು ಆಸ್ಟ್ರಿಯದ ಕುರ್ಟ್ ಹೆರ್ಜ್‌ಸ್ಟಾರ್ಕ್. ನಾಜಿಗಳು 1943ರಲ್ಲಿ ಅವನನ್ನು ಬಂಧಿಸಿ ಬೂಕನ್‌ವಾಲ್ಡ್ ಸೆರೆಶಿಬಿರಕ್ಕೆ ಹಾಕಿದರು. ಯಂತ್ರದ ನಕ್ಷೆಯ ಬಹುಭಾಗವನ್ನು ಅವನು ಆ ಶಿಬಿರದೊಳಗೇ ಬರೆದ. ಯುದ್ಧ ಮುಗಿದ ಮೇಲೆ 1948ರಿಂದ ಲಿಕ್ಟನ್‌ಸ್ಟೈನ್ ಎಂಬ ಪುಟ್ಟ ದೇಶದಲ್ಲಿ ಯಂತ್ರ ಮಾರಾಟಕ್ಕೆ ಬಂತು. 1970ರ ದಶಕದ ಆರಂಭದವರೆಗೂ ಅಂಗಡಿಗಳಲ್ಲಿ ಸಿಗುತ್ತಿತ್ತು.

ರ್ಯಾಲಿಯಲ್ಲಿ ಅದನ್ನು ಬಳಸುವ ಕ್ರಮ ಸುಲಭ. ಸರಾಸರಿ 36 ಇದ್ದರೆ ಪಕ್ಕದ ಗುಂಡಿಯನ್ನು ಸರಿಸಿ 10 ಇಡುವುದು. ಮೀಟರಿನಲ್ಲಿ 100 ಮೀಟರ್ ಆದಾಗಲೆಲ್ಲ ಹಿಡಿಯನ್ನು ಒಂದು ಸುತ್ತು ತಿರುಗಿಸುವುದು. ಮೇಲಿನ ಒಂದು ಸಾಲಿನಲ್ಲಿ ಸುತ್ತುಗಳ ಸಂಖ್ಯೆ, ಅಂದರೆ ದೂರ; ಇನ್ನೊಂದು ಸಾಲಿನಲ್ಲಿ ಆಗಿರಬೇಕಾದ ಸೆಕೆಂಡು. ನಮ್ಮ ಉದಾಹರಣೆಯಲ್ಲಿ 124 ಸುತ್ತಿಗೆ 1240 ಬರುತ್ತದೆ. ಘಾಟಿ ಶುರುವಾದಾಗ ಏನನ್ನೂ ಅಳಿಸದೆ 10ರ ಜಾಗದಲ್ಲಿ 15 ಇಟ್ಟು ತಿರುಗಿಸುತ್ತ ಹೋದರೆ, ಇನ್ನು 56 ಸುತ್ತಿಗೆ 2080 ಸೆಕೆಂಡು, ಅಂದರೆ 34 ನಿಮಿಷ 40 ಸೆಕೆಂಡು ತಾನೇ ಬರುತ್ತದೆ. ಹಳೆಯ ಕಾರುಗಳ ರ್ಯಾಲಿಗಳಲ್ಲಿ ಕೆಲವರು ಇಂದಿಗೂ ಇದನ್ನು ತಿರುಗಿಸುತ್ತಾರೆ. ನಮಗೆ ಸಾಮಾನ್ಯ ಕ್ಯಾಲ್ಕುಲೇಟರು ಸಾಕು. ಆದರೆ "ಅಳಿಸಬೇಡ, ಕೂಡಿಸುತ್ತ ಹೋಗು" ಎಂಬ ಕುರ್ಟಾದ ಪಾಠವನ್ನು ಬಿಡಬಾರದು.

ಮೀಟರಿನ ತಪ್ಪು

ಲೆಕ್ಕ ಸರಿಯಿದ್ದೂ ಸೋಲುವವರು ಬಹಳ. ಕಾರಣ ಓಡೋಮೀಟರು. ಅದು ದಾರಿಯನ್ನು ಅಳೆಯುವುದಿಲ್ಲ. ಚಕ್ರದ ಸುತ್ತುಗಳನ್ನು ಎಣಿಸುತ್ತದೆ. ಟಯರು ಸವೆದರೆ ಚಕ್ರ ಚಿಕ್ಕದಾಗಿ, ಅದೇ ದಾರಿಗೆ ಹೆಚ್ಚು ಸುತ್ತು ಬೀಳುತ್ತದೆ. ಗಾಳಿ ಕಡಿಮೆಯಾದರೂ ಹಾಗೆಯೇ. ಕೆಸರಿನಲ್ಲಿ ಚಕ್ರ ನಿಂತಲ್ಲೇ ತಿರುಗಿದರೆ, ಜೀಪು ಒಂದಡಿ ಮುಂದೆ ಹೋಗದಿದ್ದರೂ ಮೀಟರು ಓಡಬಹುದು.

ಇದಕ್ಕಾಗಿಯೇ ವ್ಯವಸ್ಥಾಪಕರು ಮೊದಲು ಒಂದು ದೂರವನ್ನು ಅಳೆದು ಕೊಟ್ಟಿರುತ್ತಾರೆ. ಅವರ ಪುಸ್ತಕದಲ್ಲಿ 10.00 ಕಿ.ಮೀ. ಇರುವ ಕಡೆ ನಿಮ್ಮ ಮೀಟರು 10.30 ತೋರಿಸಿತು ಎನ್ನೋಣ. ಹಾಗಾದರೆ ನಿಮ್ಮ ಒಂದು ಕಿಲೋಮೀಟರು ಅವರ 0.971 ಕಿಲೋಮೀಟರು ಮಾತ್ರ. ಪಟ್ಟಿಯ ಸೆಕೆಂಡುಗಳನ್ನೆಲ್ಲ 0.971ರಿಂದ ಗುಣಿಸಿಕೊಳ್ಳಬೇಕು, 100 ಇದ್ದದ್ದು 97.1 ಆಗುತ್ತದೆ. ಹಾಗೆ ಮಾಡದೆ ಮೊದಲಿಂದ ಕೊನೆಯವರೆಗೆ ಮೀಟರನ್ನೇ ನಂಬಿದರೆ, ಮೇಲಿನ 48 ನಿಮಿಷ 10 ಸೆಕೆಂಡಿನ ದಾರಿಯಲ್ಲಿ ಶೇ. 3ರ ತಪ್ಪು, ಅಂದರೆ ಸುಮಾರು 87 ಸೆಕೆಂಡು ತಡವಾಗುತ್ತದೆ. ಗಡಿಯಾರ ಎಷ್ಟು ದುಬಾರಿಯದಾದರೂ ಈ ತಪ್ಪನ್ನು ತಿದ್ದಲಾರದು. ಸುಳ್ಳು ತಕ್ಕಡಿಯಲ್ಲಿ ತೂಗಿದ ಚೀಲದ ಲೆಕ್ಕವನ್ನು ಪುಸ್ತಕದಲ್ಲಿ ಎಷ್ಟು ಅಂದವಾಗಿ ಬರೆದರೇನು?

ಪುಸ್ತಕದಲ್ಲಿ ಹೇಳಿದ ಸೇತುವೆ, ಮೈಲಿಗಲ್ಲು ಸಿಕ್ಕಿದಾಗಲೆಲ್ಲ ಪುಸ್ತಕದ ದೂರವನ್ನೇ ಹಿಡಿಯಿರಿ, ನಿಮ್ಮ ಮೀಟರಿನದನ್ನಲ್ಲ.

ಗಡಿಯಾರವನ್ನು ಬಳಸುವ ಕ್ರಮ

1. ಎರಡು ಗಡಿಯಾರ ಇರಲಿ. ಒಂದು ದಿನದ ವೇಳೆ ತೋರಿಸುವಂಥದು. ಹೊರಡುವ ಮೊದಲು ವ್ಯವಸ್ಥಾಪಕರ ಗಡಿಯಾರಕ್ಕೆ ಸೆಕೆಂಡು ಸಮೇತ ಹೊಂದಿಸಿ, ಆಮೇಲೆ ಸಂಜೆಯವರೆಗೆ ಅದನ್ನು ಮುಟ್ಟಬಾರದು. ಎರಡನೆಯದು ಸ್ಟಾಪ್‌ವಾಚ್.

2. ಸ್ಟಾಪ್‌ವಾಚನ್ನು ನಡುವೆ ನಿಲ್ಲಿಸಬೇಡಿ. ರೈಲ್ವೆ ಗೇಟು ಬಿದ್ದರೂ, ದಾರಿ ತಪ್ಪಿ ಹಿಂದಿರುಗಿದರೂ ಅದು ಓಡುತ್ತಲೇ ಇರಬೇಕು. ನಿಂತ ಹೊತ್ತೂ ನಿಮ್ಮ ಸಮಯವೇ. ಓಡುವಾಗಲೇ ಒಂದು ಓದನ್ನು ಹಿಡಿದು ನೋಡಲು "ಸ್ಪ್ಲಿಟ್" ಗುಂಡಿ ಇರುವ ವಾಚು ಅನುಕೂಲ.

3. ಓದುವಾಗ ಮೊದಲು ಸೆಕೆಂಡು, ಆಮೇಲೆ ನಿಮಿಷ, ಕೊನೆಗೆ ಗಂಟೆ. ಬೇಗ ಬದಲಾಗುವುದನ್ನು ಮೊದಲು ಹಿಡಿಯಬೇಕು.

4. ಮುಳ್ಳಿನ ಹಳೆಯ ಸ್ಟಾಪ್‌ವಾಚ್ ಕೊಳ್ಳುವವರು ಮುಖವನ್ನು ಪರೀಕ್ಷಿಸಿ. ಕೆಲವದರಲ್ಲಿ ನಿಮಿಷವನ್ನು 60ರ ಬದಲು 100 ಭಾಗ ಮಾಡಿರುತ್ತಾರೆ. ಅದರಲ್ಲಿ 50 ಎಂದರೆ 50 ಸೆಕೆಂಡಲ್ಲ, 30 ಸೆಕೆಂಡು. ಕೀಲಿ ಕೊಡುವ ವಾಚಾದರೆ ಹಿಂದಿನ ದಿನವೇ ಪೂರ್ತಿ ಕೀಲಿ ಕೊಟ್ಟು, ಎಷ್ಟು ಮುಂದೆ ಅಥವಾ ಹಿಂದೆ ಹೋಗುತ್ತದೆಂದು ನೋಡಿಟ್ಟುಕೊಳ್ಳಿ.

5. ಮೊಬೈಲಿನಲ್ಲೂ ಸ್ಟಾಪ್‌ವಾಚ್ ಇದೆಯಲ್ಲ ಎನ್ನಬಹುದು. ಇದೆ, ನಿಖರವಾಗಿಯೂ ಇದೆ. ಆದರೆ ಗುಂಡಿ ಬಿದ್ದ ದಾರಿಯಲ್ಲಿ ಬೆರಳು ಗಾಜಿನ ಮೇಲೆ ಎಲ್ಲಿ ಬೀಳುತ್ತದೆಂದು ಹೇಳಲಾಗದು. ಮಧ್ಯೆ ಮನೆಯಿಂದ ಫೋನು ಬಂದರೆ ಪರದೆಯೇ ಮರೆಯಾಗುತ್ತದೆ. ಉಪಗ್ರಹದಿಂದ ದೂರ ಅಳೆಯುವ ಸಾಧನಗಳನ್ನು ಕೆಲವು ರ್ಯಾಲಿಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ನಿಯಮಪುಸ್ತಕ ಓದಿಯೇ ತೀರ್ಮಾನಿಸಿ. ಒತ್ತಿದರೆ ಬೆರಳಿಗೆ ತಿಳಿಯುವ ಗುಂಡಿಯ ಡಿಜಿಟಲ್ ವಾಚನ್ನು ದಾರ ಹಾಕಿ ಕೊರಳಿಗೆ ಕಟ್ಟಿಕೊಳ್ಳುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ವಾಸಿ.

6. ಪ್ರತಿ ಕಿಲೋಮೀಟರಿಗೆ ಚಾಲಕನಿಗೆ ಒಂದೇ ಮಾತು ಹೇಳಿ: "5 ತಡ", "3 ಬೇಗ", ಇಲ್ಲವೇ "ಸರಿ". ಲೆಕ್ಕವನ್ನೆಲ್ಲ ಅವನಿಗೆ ಒಪ್ಪಿಸಬೇಡಿ. ಅವನ ಕಣ್ಣು ದಾರಿಯ ಮೇಲಿರಲಿ.

ಒಂದು ನಿಮಿಷದ ತಪ್ಪು

ಗಡಿಯಾರ ಓದುವುದರಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಮುಳ್ಳಿನ ವಾಚಿನಲ್ಲಿ ಸೆಕೆಂಡಿನ ಮುಳ್ಳು 60ರ ಹತ್ತಿರ ಬಂದಾಗ, ನಿಮಿಷದ ಚಿಕ್ಕ ಮುಳ್ಳು ಮುಂದಿನ ಅಂಕಿಯ ಮೇಲೆಯೇ ನಿಂತಂತೆ ಕಾಣುತ್ತದೆ. ಆಗ 13 ನಿಮಿಷ 55 ಸೆಕೆಂಡನ್ನು 14 ನಿಮಿಷ 55 ಸೆಕೆಂಡು ಎಂದು ಓದುತ್ತೇವೆ.

ಗಡಿಯಾರ ಮಾಡುವವರೇ ಹೀಗೆ ತಪ್ಪಿದ್ದುಂಟು. ಸ್ವಿಟ್ಜರ್ಲೆಂಡಿನ ಹಾಯರ್ ಗಡಿಯಾರದ ಮನೆತನದ ಜ್ಯಾಕ್ ಹಾಯರ್ 1958ರಲ್ಲಿ ಒಂದು ರ್ಯಾಲಿಗೆ ನ್ಯಾವಿಗೇಟರಾಗಿ ಹೋಗಿದ್ದರು. ಕಾರಿನಲ್ಲಿದ್ದದ್ದು ಅವರ ಕಂಪನಿಯದೇ ಆಟೇವಿಯಾ ಎಂಬ ಡ್ಯಾಷ್‌ಬೋರ್ಡ್ ಗಡಿಯಾರ. ಅದರ ಚಿಕ್ಕ ಮುಖವನ್ನು ಓಡುವ ಕಾರಿನಲ್ಲಿ ಒಂದು ನಿಮಿಷ ತಪ್ಪಾಗಿ ಓದಿದ್ದರಿಂದ ಮೊದಲ ಸ್ಥಾನ ತಪ್ಪಿ ಮೂರನೆಯದಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಆ ಗಡಿಯಾರವನ್ನು ನಿಲ್ಲಿಸಿ, ಓದಲು ಸುಲಭವಾದ ಬೇರೆಯದನ್ನು ಕಂಪನಿ ತಂದಿತು. ಆಟೇವಿಯಾ ಹೆಸರನ್ನು 1962ರಲ್ಲಿ ಒಂದು ಕೈಗಡಿಯಾರಕ್ಕೆ ಇಟ್ಟಿತು.

ನನ್ನ ತಪ್ಪಿಗೆ ಸ್ಥಾನ ಹೋದದ್ದಷ್ಟೇ ಬೆಲೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನಾನು ಮೊದಲ ಸಲ ನ್ಯಾವಿಗೇಟರಾದದ್ದು ರೊಬಸ್ಟಾ ಕೊಯ್ಲಿನ ಕಾಲದಲ್ಲಿ. ಜೀಪು ಓಡಿಸಿದವನು ದೊಡ್ಡಪ್ಪನ ಮಗ. ಸರಾಸರಿ 36, ದೂರ 8.35 ಕಿ.ಮೀ. ಆಗಿರಬೇಕಾದ ಸಮಯ 835 ಸೆಕೆಂಡು, ಅಂದರೆ 13 ನಿಮಿಷ 55 ಸೆಕೆಂಡು. ವಾಚಿನಲ್ಲೂ ಅಷ್ಟೇ ಇತ್ತು. ನಾನು 14-55 ಎಂದು ಓದಿದೆ. "ಅಣ್ಣಾ, ಒಂದು ನಿಮಿಷ ತಡ, ಬಿಡು" ಎಂದೆ. ಅಣ್ಣ ನಂಬಿದ. ಎರಡು ಕಿಲೋಮೀಟರಿನಲ್ಲಿ ಆ ನಿಮಿಷವನ್ನು ಹಿಡಿದೆವು. ಲೆಕ್ಕ ಹಾಕಿದರೆ ಅದು ಸರಾಸರಿ 51ಕ್ಕೂ ಹೆಚ್ಚು, ತೋಟದ ನಡುವಿನ ಅಂಕುಡೊಂಕಿನಲ್ಲಿ. ಒಂದು ತಿರುವು ದಾಟಿದ ಕೂಡಲೇ ಎದುರಿಗೆ, ಹಣ್ಣಿನ ಚೀಲ ತಲೆಯ ಮೇಲೆ ಹೊತ್ತು ತೂಕಕ್ಕೆ ಹೊರಟ ಹೆಂಗಸರ ಸಾಲು. ಚೀಲ ಬಿಸಾಡಿ ಎಲ್ಲರೂ ಚರಂಡಿಗೆ ಹಾರಿದರು. ಜೀಪು ಅಡ್ಡಡ್ಡ ಜಾರಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಹಣ್ಣು ಮಾತ್ರ ದಾರಿಯುದ್ದಕ್ಕೂ ಚೆಲ್ಲಿತ್ತು. ಒಬ್ಬ ವಯಸ್ಸಾದ ಹೆಂಗಸು ಎದ್ದು ಬಂದು, ನಮ್ಮ ಮೇಲೆ ಕೂಗಾಡುವ ಬದಲು, ಜೀಪಿನ ಹಿಂದೆ ಇಣುಕಿ ನೋಡಿ, "ಯಾರಿಗ್ ಹುಷಾರಿಲ್ಲ ಅಯ್ಯಾ? ಆಸ್ಪತ್ರೆಗಾ?" ಎಂದು ಕೇಳಿದಳು. ಅಷ್ಟು ಜೋರಾಗಿ ಹೋಗಲು ಅವಳಿಗೆ ತಿಳಿದಿದ್ದ ಕಾರಣ ಅದೊಂದೇ. ನಮಗೆ ಉತ್ತರ ಹೊರಡಲಿಲ್ಲ.

ಅಲ್ಲಿ ನಿಂತದ್ದು 20 ಸೆಕೆಂಡು. ಹಣ್ಣು ಹೆಕ್ಕಿಕೊಡಲೂ ಇಳಿಯಲಿಲ್ಲ. ಇನ್ನೂ 20 ಸೆಕೆಂಡು ತಡವೆಂದುಕೊಂಡು ಮುಂದಕ್ಕೆ ಹೊರಟೆವು. ಮುಂದಿನ ತಿರುವಿನಲ್ಲೇ ಕಂಟ್ರೋಲ್. ಅಲ್ಲಿಯವರು ಬರೆದುಕೊಂಡದ್ದು "40 ಸೆಕೆಂಡು ಬೇಗ". ಆ ರ್ಯಾಲಿಯಲ್ಲಿ ಬೇಗ ಬಂದರೆ ಸೆಕೆಂಡಿಗೆ ಎರಡು ಅಂಕ ದಂಡ. 80 ಅಂಕ ಹೋಯಿತು. ನಾವು ಒಂದು ಸೆಕೆಂಡೂ ತಡವಾಗಿರಲಿಲ್ಲ. ಇಲ್ಲದ ತಡವನ್ನು ಹಿಡಿಯಲು ಹೋಗಿ ಐದಾರು ಜನರ ಜೀವವನ್ನು ಪಣಕ್ಕಿಟ್ಟಿದ್ದೆವು. ಮಾರನೆಯ ದಿನ ಅಣ್ಣನೂ ನಾನೂ ಆ ತೋಟಕ್ಕೆ ಹೋಗಿ ಕ್ಷಮೆ ಕೇಳಿ, ಚೆಲ್ಲಿದ ಹಣ್ಣಿನ ಕೂಲಿ ಕೊಟ್ಟು ಬಂದೆವು. ಆ ಹೆಂಗಸಿನ ಪ್ರಶ್ನೆ ಮಾತ್ರ ಇಂದಿಗೂ ಕಿವಿಯಲ್ಲಿದೆ.

ಅಂದಿನಿಂದ ನಾನು ಪಾಲಿಸುವ ನಿಯಮ ಇದು. ತಡ ಇದ್ದಕ್ಕಿದ್ದಂತೆ ಸರಿಯಾಗಿ ಒಂದು ನಿಮಿಷವೆಂದು ಬಂದರೆ, ಅದು ದಾರಿಯಲ್ಲಾದ ತಡವಲ್ಲ, ಕಣ್ಣಿನ ತಪ್ಪು ಎಂದು ತಿಳಿಯಬೇಕು. ಚಾಲಕನಿಗೆ ಹೇಳುವ ಮೊದಲು ದಿನದ ವೇಳೆಯ ಗಡಿಯಾರದೊಂದಿಗೆ ಹೋಲಿಸಬೇಕು. ಎರಡು ಗಡಿಯಾರ ಇಟ್ಟುಕೊಳ್ಳಿ ಎಂದದ್ದು ಇದಕ್ಕಾಗಿಯೇ.

ನಿಜವಾಗಿ ತಡವಾದಾಗ

ದನದ ಹಿಂಡಿಗೋ ಬಸ್ಸಿಗೋ ದಾರಿ ಬಿಟ್ಟು 30 ಸೆಕೆಂಡು ತಡವಾಯಿತೆನ್ನೋಣ. ಸರಾಸರಿ 36ರ ದಾರಿಯಲ್ಲಿ 40ರ ವೇಗದಲ್ಲಿ ಹೋದರೆ ಕಿಲೋಮೀಟರಿಗೆ 10 ಸೆಕೆಂಡು ಉಳಿಯುತ್ತದೆ. ಮೂರು ಕಿಲೋಮೀಟರಿನಲ್ಲಿ ಸರಿಯಾಗುತ್ತದೆ. 45ರಲ್ಲಿ ಹೋದರೆ ಒಂದೂವರೆ ಕಿಲೋಮೀಟರು. ಗಂಟೆಗೆ ನಾಲ್ಕು ಕಿಲೋಮೀಟರು ಹೆಚ್ಚಿಸಿದರೇ ಸಾಕಾಗುವಾಗ ಪ್ರಾಣ ಒತ್ತೆಯಿಟ್ಟು ಓಡಿಸುವ ಅಗತ್ಯವೇನು? ನಡುವೆ ಕಂಟ್ರೋಲ್ ಸಿಕ್ಕಿದರೆ ಕೆಲವು ಅಂಕ ಹೋಗುತ್ತವೆ, ಹೋಗಲಿ. ಇಂಥ ತಡೆಗಳಿಗೆ ಬರೆದುಕೊಟ್ಟರೆ ವಿನಾಯಿತಿ ಕೊಡುವ ರ್ಯಾಲಿಗಳೂ ಇವೆ, ನಿಯಮಪುಸ್ತಕದಲ್ಲಿ ನೋಡಿಕೊಳ್ಳಿ. ಲೈನುಗಳ ಮುಂದೆ, ಶಾಲೆಯ ಮುಂದೆ, ಅಡಿಕೆ ಹರಡಿದ ಅಂಗಳದ ಪಕ್ಕದಲ್ಲಿ ತಡವನ್ನು ಹಿಡಿಯಲು ಹೋಗಲೇಬಾರದು. ತೋಟದ ದಾರಿ ಬಿಟ್ಟುಕೊಡುವ ಸದಸ್ಯರು ಕೊಯ್ಲಿನ ದಿನ, ತೂಕದ ಹೊತ್ತು ಯಾವುದೆಂದು ವ್ಯವಸ್ಥಾಪಕರಿಗೆ ಮೊದಲೇ ಬರಹದಲ್ಲಿ ತಿಳಿಸಿ, ಆ ಹೊತ್ತನ್ನು ತಪ್ಪಿಸುವಂತೆ ಕೇಳಿಕೊಳ್ಳುವುದು ಒಳ್ಳೆಯದು.

ಅಭ್ಯಾಸ

1. ಸರಾಸರಿ 32ರಲ್ಲಿ 6.4 ಕಿ.ಮೀ. ಹೋಗಲು ಎಷ್ಟು ಸಮಯ?
2. ಹೊರಟದ್ದು 9-14-00ಕ್ಕೆ. ಮೊದಲ 7.5 ಕಿ.ಮೀ. ಸರಾಸರಿ 30, ಮುಂದಿನ 4 ಕಿ.ಮೀ. ಸರಾಸರಿ 48. ಕೊನೆಗೆ ಗಡಿಯಾರ ಎಷ್ಟು ತೋರಿಸಬೇಕು?
3. ಪುಸ್ತಕದ 10.00 ಕಿ.ಮೀ.ಗೆ ನಿಮ್ಮ ಮೀಟರು 9.80 ತೋರಿಸುತ್ತದೆ. ತಿದ್ದಿಕೊಳ್ಳದೆ ಸರಾಸರಿ 36ರಲ್ಲಿ ಪುಸ್ತಕದ 9 ಕಿ.ಮೀ. ಹೋದರೆ ಬೇಗವೋ, ತಡವೋ? ಎಷ್ಟು?

ಉತ್ತರ: (1) 720 ಸೆಕೆಂಡು, ಅಂದರೆ 12 ನಿಮಿಷ. (2) 15 ನಿಮಿಷ ಮತ್ತು 5 ನಿಮಿಷ ಕೂಡಿ 9-34-00. (3) ಮೀಟರು 8.82 ತೋರಿಸುವುದರಿಂದ ನೀವು 882 ಸೆಕೆಂಡಿಗೇ ಬರುತ್ತೀರಿ, ಬರಬೇಕಾದದ್ದು 900ಕ್ಕೆ. ಆದ್ದರಿಂದ 18 ಸೆಕೆಂಡು ಬೇಗ.

ಮನೆಯಿಂದ ಪೇಟೆಗೆ ಹೋಗುವ ನಿತ್ಯದ ದಾರಿಯಲ್ಲೇ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಸರಾಸರಿ 30 ಇಟ್ಟು ನಾಲ್ಕು ಸಲ ಅಭ್ಯಾಸ ಮಾಡಿ. ಐದು ಸೆಕೆಂಡಿನೊಳಗೆ ಬರತೊಡಗಿದರೆ ರ್ಯಾಲಿಗೆ ಹೆಸರು ಕೊಡಬಹುದು.